ಮಸ್ಕತ್ತಿಗೆ ಮೂರೂವರೆ ಗಂಟೆ

ಬೆಂಗಳೂರಿನಿಂದ ಮಸ್ಕತ್ತಿಗೆ ಎರಡು ಸಾವಿರದ ಮುನ್ನೂರು ಚಿಲ್ಲರೆ ಕಿಲೋಮೀಟರ್, ವಿಮಾನದಲ್ಲಿ ಮೂರೂವರೆ ಗಂಟೆ. ನಮ್ಮೂರು ಬಿಳಿಗೆರೆಯಲ್ಲಿ ಈ ಲೆಕ್ಕವನ್ನು ಎಲ್ಲರ ಬಾಯಿಗೆ ಹಾಕಿದವನು ನಾನೇ. ಎಸ್‌ಟಿಡಿ ಬೂತ್ ಇಟ್ಟುಕೊಂಡವನಿಗೆ ತಿಳಿಯದ್ದಿಲ್ಲ ಎಂಬ ಕೊಬ್ಬು ಬೇರೆ. ಬೆಂಗಳೂರಿಗೇ ಬಸ್ಸಿನಲ್ಲಿ ಐದು ಗಂಟೆ ಹಿಡಿಯುವಾಗ, ಮಸ್ಕತ್ತೇ ಹತ್ತಿರ ಎಂದು ಜನ ನಂಬಿಬಿಟ್ಟರು.

ಮಂಚಮ್ಮ ಅಲ್ಲಿಗೆ ಮನೆಗೆಲಸಕ್ಕೆ ಹೋದದ್ದು ೨೦೦೧ರಲ್ಲಿ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ, ತಿ. ನರಸೀಪುರದ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದಳು. ಏಜೆಂಟನನ್ನು ಹುಡುಕಿ ಕಳಿಸಿದವನು ಅವಳ ತಮ್ಮ ಚಿಕ್ಕಮಾದು. ಮಂಚಮ್ಮ ಪ್ರತಿ ಶುಕ್ರವಾರ ನನ್ನ ಬೂತಿಗೆ ಫೋನು ಮಾಡಿ, “ಮನೆ ಮಗಳಂಗೆ ನೋಡ್ಕತಾರೆ ಕಣವ್ವ” ಎನ್ನುತ್ತಿದ್ದಳು. ತಾಯಿ ಮರಿತಾಯಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿ, ಹಿಗ್ಗಿಕೊಂಡು ಮನೆಗೆ ಹೋಗುತ್ತಿದ್ದಳು.

೨೦೦೩ರ ಬೇಸಿಗೆಯಲ್ಲಿ ಒಂದು ಬೆಳಗ್ಗೆ ಮರಿತಾಯಮ್ಮ ತೀರಿಕೊಂಡಳು. ಮಸ್ಕತ್ತಿನ ಮನೆಗೆ ಫೋನು ಮಾಡಿ ತಿಳಿಸಿದೆ. “ಬತ್ತೀನಿ, ನಾ ಬರಗಂಟ ಮಣ್ಣು ಮಾಡ್ಬ್ಯಾಡಿ” ಎಂದು ಮಂಚಮ್ಮ ಅಳುತ್ತಲೇ ಫೋನಿಟ್ಟಳು. ನಾನು ಮೂರೂವರೆಗೆ ಬಸ್ಸಿನ ಐದು ಕೂಡಿಸಿ, ಸಂಜೆಯೊಳಗೆ ಬಂದೇ ಬರುತ್ತಾಳೆ ಎಂದು ತೀರ್ಪು ಕೊಟ್ಟೆ. ಟಿಕೆಟ್ಟು, ರಜ, ವಿಮಾನ ಹೊರಡುವ ಹೊತ್ತು ಯಾವುದೂ ನನ್ನ ಮಂಡೆಗೆ ಹೊಳೆಯಲಿಲ್ಲ. ಹೆಣದ ಸುತ್ತ ಐಸು ಇಟ್ಟು ಇಡೀ ಬೀದಿ ಬಸ್‌ಸ್ಟಾಪಿನ ಕಡೆ ನೋಡುತ್ತ ಕೂತಿತು.

ಮಧ್ಯಾಹ್ನ ಎರಡು ಗಂಟೆಗೆ ಫೋನು ಬಂತು. ಮಂಚಮ್ಮ ಪಿಸುಗುಡುತ್ತಿದ್ದಳು.

“ಗೋವಿಂದಣ್ಣ, ಪಾಸ್‌ಪೋರ್ಟು ಯಜಮಾನ್ನ ಬೀರುನಲ್ಲಿ ಅದೆ. ಕಾಲು ಹಿಡ್ಕಂಡೆ, ಕೊಡ್ನಿಲ್ಲ. ಬಂದಾಗ್ನಿಂದ ಒಬ್ಳೇ ಗೇಟು ದಾಟಿಲ್ಲ ಕಣಣ್ಣ ನಾನು. ಅವ್ವಂಗೆ ಯೋಳಿದ್ದೆಲ್ಲ ಸುಳ್ಳು.”

“ಮಾದುಗೆ ಹೇಳ್ತೀನಿ ಇರವ್ವ.”

“ಬ್ಯಾಡ! ಕಳ್ಸ್‌ದೋನು ಅವ್ನೇ, ಎದೆ ಒಡ್ಕಂಡು ಸತ್ತೋಯ್ತನೆ. ಬರಕ್ಕೆ ಮನ್ಸಿಲ್ವಂತೆ ಅಂತ ಯೋಳ್ಬುಡು. ಅವ್ವನಾಣೆ.”

ಅಂಗಳದಲ್ಲಿ ಮಲಗಿಸಿದ ತಾಯಿಯ ಆಣೆ ಹಾಕಿದರೆ ನಾನೇನು ಮಾಡಲಿ? ಹೋಗಿ ಆ ಮಾತನ್ನೇ ಹೇಳಿದೆ. ನನ್ನ ನಾಲಿಗೆ ಬಿದ್ದುಹೋಗಬೇಕಿತ್ತು.

ನಮ್ಮಲ್ಲಿ ಹೆಣ ಇಳಿಸಿದ ಗುಂಡಿಗೆ ಮಕ್ಕಳೆಲ್ಲ ಮೂರು ಹಿಡಿ ಮಣ್ಣು ಹಾಕಬೇಕು. ಬಾರದವರ ಪಾಲನ್ನು ಒಡಹುಟ್ಟಿದವರು ಹಾಕುತ್ತಾರೆ. ಅಕ್ಕನ ಪಾಲು ಹಾಕಪ್ಪ ಎಂದು ಹಿರಿಯರು ಹೇಳಿದರು. ಚಿಕ್ಕಮಾದು ಕೈ ಒದರಿಕೊಂಡು ಹಿಂದೆ ಸರಿದ.

“ದುಡ್ಡು ಕಂಡೋಳಿಗೆ ಅವ್ವ ಯಾಕೆ? ಅವಳ ಪಾಲು ಯಾರೂ ಆಕ್ಬ್ಯಾಡಿ.”

ಯಾರೂ ಹಾಕಲಿಲ್ಲ.

ಮುಂದಿನ ಶುಕ್ರವಾರ ಮತ್ತೆ ಫೋನು ಬಂತು. ಹತ್ತು ನಿಮಿಷ ಬಿಟ್ಟು ಮಾಡು ಎಂದು ಹೇಳಿ ಮಾದುವನ್ನು ಕರೆಯಲು ಹೋದೆ. “ನಂಗೆ ಅಕ್ಕ ಇಲ್ಲ ಅನ್ನು” ಎಂದು ಕದ ಮುಚ್ಚಲು ಬಂದ. ನನಗೆ ರೇಗಿಹೋಯಿತು. ಆಣೆ ಹಾಳಾಗಲಿ ಎಂದು ಕದಕ್ಕೆ ಕಾಲು ಕೊಟ್ಟು ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವನು ನನ್ನನ್ನು ದಾಟಿ ಬರಿಗಾಲಲ್ಲಿ ಬೂತಿಗೆ ಓಡಿದ, ಹಿಂದೆಯೇ ನಾನು.

ಫೋನು ಆಗಲೇ ಬಡಿದುಕೊಳ್ಳುತ್ತಿತ್ತು. ರಿಸೀವರ್ ಎತ್ತಿ “ಅಕ್ಕ” ಎಂದ. ಅವಳ ದನಿ ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಮಾದೂ, ನನ್ ಪಾಲಿನ ಮಣ್ಣು ಆಕ್ದ್ಯಾ ಅವ್ವಂಗೆ?”

ಅವನು ನನ್ನ ಮುಖ ನೋಡಿದ. ನಾನು ತಲೆ ತಗ್ಗಿಸಿದೆ.

“ಆಕ್ದೆ ಕಣಕ್ಕ,” ಎಂದ. “ಮೂರು ಹಿಡೀನೂ ಆಕ್ದೆ. ನಿನ್ ಎಸ್ರು ಯೋಳೇ ಆಕ್ದೆ.”