ನಲವತ್ತೊಂದು ಹೆಸರಿಗೆ ಒಂದೇ ಸಹಿ

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಬಿದಿರು ಕತ್ತರಿಸುವ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿಂತು ಮುದಕಪ್ಪನ ಕಿವಿ ಪೂರ್ತಿ ಹೋಗಿತ್ತು. ಮಗ ದುಂಡೇಶ ವಿಶ್ವವಿದ್ಯಾಲಯದ ಕುಲಪತಿಯಾದ ಸುದ್ದಿಯನ್ನು ಅವನಿಗೆ ಚೀಟಿಯಲ್ಲಿ ಬರೆದು ತೋರಿಸಬೇಕಾಯಿತು. ಮುದುಕ ಎರಡು ಸಲ ಓದಿ, “ಅಂದ್ರ ಹೆಡ್‌ಮಾಸ್ತರಗಿಂತ ದೊಡ್ಡಾಂವ ಏನು?” ಎಂದು ಕೇಳಿದ್ದ.

ದುಂಡೇಶ ಹಳಿಯಾಳದ ಕಾಲೇಜಿನಲ್ಲಿ ಇತಿಹಾಸ ಕಲಿಸಿದವರು. ಜೊಯಿಡಾದ ಕಾಡೂರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ ಆರು ಪುಸ್ತಕ ಬರೆದಿದ್ದರು. ಆದರೆ ಅವರನ್ನು ಮೇಲಕ್ಕೇರಿಸಿದ್ದು ಆ ಪುಸ್ತಕಗಳಲ್ಲ. ಪರೀಕ್ಷಾ ವಿಭಾಗದ ಮುಖ್ಯಸ್ಥರಾಗಿದ್ದಾಗ ನಕಲು ತಡೆಯಲು ಅವರು ಬರೆದ ಕಟ್ಟುನಿಟ್ಟಿನ ನಿಯಮಾವಳಿ. ಶಿಕ್ಷೆಯಾದ ಅರವತ್ತು ದಿನಗಳ ನಂತರ ಯಾರ ಮೇಲ್ಮನವಿಯನ್ನೂ ಕೇಳಬಾರದು ಎಂಬುದು ಅದರ ಒಂದು ನಿಯಮ.

ಕುಲಪತಿ ಅವಧಿಯ ಕೊನೆಯ ವರ್ಷ ಒಂದು ಪರೀಕ್ಷಾ ಕೇಂದ್ರದಲ್ಲಿ ಸಾಮೂಹಿಕ ನಕಲು ಸಿಕ್ಕಿಬಿತ್ತು. ನಲವತ್ತೊಂದು ವಿದ್ಯಾರ್ಥಿಗಳ ಫಲಿತಾಂಶ ರದ್ದು, ಮೂರು ವರ್ಷ ಪರೀಕ್ಷೆಗೆ ನಿಷೇಧ. ಊಟಕ್ಕೇಳುವ ಅವಸರದಲ್ಲಿದ್ದ ದುಂಡೇಶ ಪಟ್ಟಿ ಓದದೆ ಸಹಿ ಹಾಕಿದರು.

ನಾಲ್ಕು ತಿಂಗಳಾದ ಮೇಲೆ ಮುಂಡಗೋಡದ ಕಡೆಯ ಹಳ್ಳಿಯಿಂದ ಗೋಪಿಬಾಯಿ ಎಂಬ ಹೆಂಗಸು ಅವರ ಕಚೇರಿಗೆ ಬಂದಳು. ಕೈಯಲ್ಲಿ ಆಸ್ಪತ್ರೆಯ ಚೀಟಿ.

“ಸಾಹೇಬ್ರ, ಆವತ್ತು ನನ್ನ ಮಗಳು ಕಾಜಲ್ ದವಾಖಾನ್ಯಾಗ ಮಲಗಿದ್ಲ್ರಿ. ಪರೀಕ್ಷಾಕ್ಕ ಹೋಗೇ ಇಲ್ಲ. ಕಾಪಿ ಹೆಂಗ ಹೊಡದಾಳ್ರಿ?”

ಚೀಟಿಯ ತಾರೀಖು ಸರಿಯಾಗಿತ್ತು. ಯಾರದೋ ನಂಬರಿನ ಬದಲು ಕಾಜಲ್‌ಳ ನಂಬರು ಪಟ್ಟಿಗೆ ಬಿದ್ದಿತ್ತು. ದುಂಡೇಶ “ಸರಿ ಮಾಡಸ್ತೇನ್ರಿ” ಎಂದು ಮಾತು ಕೊಟ್ಟರು.

ಮಾಡಿಸಲಾಗಲಿಲ್ಲ. ಸಿಂಡಿಕೇಟ್ ಸಭೆಯಲ್ಲಿ ಸದಸ್ಯರು ಅವರದೇ ಅರವತ್ತು ದಿನದ ನಿಯಮವನ್ನು ಅವರೆದುರು ಓದಿದರು. “ಒಂದು ಹೆಸರು ತೆಗೆದ್ರ ನಾಳೆ ಎಲ್ಲಾರೂ ಬಂದು ನಿಲ್ತಾರ, ಸರ್” ಎಂದರು. ದುಂಡೇಶ ಎರಡು ಸಲ ಕೇಳಿದರು, ಎರಡು ಸಲವೂ ಇಲ್ಲ. ಅಷ್ಟರಲ್ಲಿ ಅವರ ಅವಧಿ ಮುಗಿಯಿತು.

ದಾಂಡೇಲಿಗೆ ಮರಳಿದ ದುಂಡೇಶ ಆತ್ಮಕಥೆ ಬರೆಯಲು ಕೂತರು. ಬೇರೆ ಏನೂ ಬರಲಿಲ್ಲ, ಕಾಜಲ್‌ಳ ಅಧ್ಯಾಯ ಮಾತ್ರ ಬಂತು. ತಮ್ಮ ತಪ್ಪನ್ನೆಲ್ಲ ಒಪ್ಪಿಕೊಂಡು ಬರೆದ ಆ ಹಾಳೆಗಳನ್ನು ಹಿಡಿದು ಬಸ್ಸಿನಲ್ಲಿ ಅವಳ ಊರಿಗೆ ಹೋದರು. ಗೋವಿನಜೋಳದ ತೆನೆ ಮುರಿಯುತ್ತಿದ್ದ ಹುಡುಗಿ ಬದುವಿನ ಮೇಲೆ ಕೂತು ಓದಿದಳು.

“ಚಂದ ಬರ್ದೀರಿ ಸರ್. ಆದರ ಇದರಾಗ ಪೂರ್ತಿ ನೀವ ಅದೀರಿ, ನಿಮ್ಮ ದುಃಖಾನ ಐತಿ. ನನಗ ಪುಸ್ತಕ ಬ್ಯಾಡ್ರಿ. ಪರೀಕ್ಷಾ ಬೇಕು.”

ಅವರು ಹಾಳೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು.

ಧಾರವಾಡದ ಹೈಕೋರ್ಟ್ ಪೀಠದಲ್ಲಿ ಗೋಪಿಬಾಯಿ ಅರ್ಜಿ ಹಾಕಿದಳು; ಕಾಜಲ್‌ಳ ಪರವಾಗಿ ದುಂಡೇಶ, ಪಟ್ಟಿ ಓದದೆ ಸಹಿ ಹಾಕಿದ್ದೆ ಎಂದು ಪ್ರಮಾಣಪತ್ರ ಸಲ್ಲಿಸಿದರು. ವಿಶ್ವವಿದ್ಯಾಲಯದ ವಕೀಲರು, ಮಾಜಿ ಕುಲಪತಿಗಳಿಗೆ ವಯಸ್ಸಾಗಿದೆ, ನೆನಪು ಕೈಕೊಡುತ್ತಿದೆ ಎಂದು ವಾದಿಸಿದರು. ಆ ವಕೀಲರನ್ನು ನೇಮಿಸಿದ್ದು ದುಂಡೇಶರೇ. ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರು. ತಾರೀಖಿನ ಮೇಲೆ ತಾರೀಖು ಬಿತ್ತು. ಪ್ರತಿ ಸಲ ಗೋಪಿಬಾಯಿ ಒಂದು ದಿನದ ಕೂಲಿ ಬಿಟ್ಟು ಬರುತ್ತಿದ್ದಳು, ಅವರ ಪಕ್ಕದಲ್ಲೇ ಕೂರುತ್ತಿದ್ದಳು.

ಆದೇಶ ಕಾಜಲ್‌ಳ ಪರವಾಗಿಯೇ ಬಂತು. ನಿಷೇಧ ರದ್ದು, ಅವಳು ಬರೆದಿದ್ದ ಬೇರೆ ಪತ್ರಿಕೆಗಳ ಫಲಿತಾಂಶ ವಾಪಸ್ಸು. ಆದರೆ ಆ ಮೂರು ವರ್ಷದ ನಿಷೇಧ ತಾನಾಗಿಯೇ ಮುಗಿದು ಎರಡು ತಿಂಗಳಾಗಿತ್ತು.

ಆವತ್ತು ಆಸ್ಪತ್ರೆಯಲ್ಲಿದ್ದು ತಪ್ಪಿದ್ದ ಒಂದು ಪತ್ರಿಕೆಯನ್ನು ಕಾಜಲ್ ಬರೆದಳು. ಫಲಿತಾಂಶದ ದಿನ ದುಂಡೇಶ ಫೋನ್ ಮಾಡಿದರು.

“ಪಾಸಾತ್ರಿ ಸರ್. ಹೊಲದಾಗ ಅದೇನಿ, ಆಮ್ಯಾಲೆ ಫೋನ್ ಮಾಡ್ತೇನಿ.”

ಅವಳು ಮಾಡಲಿಲ್ಲ. ಅವರಿಗೂ ಮತ್ತೆ ಮಾಡುವ ಧೈರ್ಯವಾಗಲಿಲ್ಲ.