ನಾಲ್ಕು ಕೈ ಸಾಲದ ಕನ್ನಡಿ

ಆಗಷ್ಟೇ ಬೆಳಕು ಹರಿಯುತ್ತಿದೆ. ಈಜುಕೊಳದ ಹೆಂಗಸರ ಸ್ನಾನದ ಕೋಣೆಯಲ್ಲಿ ದೊಡ್ಡಕ್ಕ ಟೈಲ್ಸ್ ಗೋಡೆಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟುತ್ತಾರೆ. ಒಂದೆಡೆ ಟೊಳ್ಳು ಸದ್ದು. “ಇಲ್ಲಿ ಬೇಡ ಕಣೆ, ಬಿರುಕು ಬಿಡುತ್ತೆ.” ಅವರ ಓರಗಿತ್ತಿ ಡ್ರಿಲ್ ಜಾರದಂತೆ ಪಕ್ಕದ ಟೈಲ್ಸಿಗೆ ಟೇಪು ಅಂಟಿಸಿ, ಅದರ ಮೇಲೆ ನಿಧಾನವಾಗಿ ಕೊರೆಯುತ್ತಾರೆ.

ಊರಿಗೆಲ್ಲ ದೊಡ್ಡಕ್ಕನೆಂದೇ ಪರಿಚಯವಾದ ಇವರು ಗೋಡೆಗೆ ಕನ್ನಡಿ ಕೂರಿಸುವವರು. ಮೊದಲು ಆ ಕೆಲಸ ಇವರ ಗಂಡ ಮತ್ತು ಮೈದುನನದಾಗಿತ್ತು. ಒಮ್ಮೆ ಯಾರದೋ ಮನೆಯ ಮೆಟ್ಟಿಲ ಮೇಲೆ ದೊಡ್ಡ ಕನ್ನಡಿ ಜಾರಿ ಚೂರಾಯಿತು. ಮೈದುನನ ಪಾದ ಕುಯ್ದುಹೋಯಿತು. ನೀನು ಮೊದಲು ಬಿಟ್ಟೆ, ಇಲ್ಲ ನೀನೇ ಎಂದು ಮಾತಿಗೆ ಮಾತು ಬೆಳೆದು, ಇಬ್ಬರೂ ಸೇರಿ ನಡೆಸುತ್ತಿದ್ದ ಗಾಜಿನಂಗಡಿಯ ನಡುವೆ ಪ್ಲೈವುಡ್ ಗೋಡೆ ಎದ್ದಿತು. ಅಂದಿನಿಂದ ಇಬ್ಬರೂ ಒಬ್ಬರೇ ಹೊರಬಹುದಾದ ಗಾಜನ್ನಷ್ಟೇ ಕತ್ತರಿಸುತ್ತಾರೆ.

“ಅವರಿಬ್ಬರಿಗೂ ಮೂಗಿನ ತುದೀಲೇ ಕೋಪ. ನಮಗೇನಾಗಿತ್ತು?” ದೊಡ್ಡಕ್ಕ ನಗುತ್ತಾರೆ. “ಒಂದಿನ ಇವಳನ್ನ ಕರೆದು, ‘ಬಾರೆ, ಒಂದ್ ಕಡೆ ನೀನ್ ಹಿಡಿ’ ಅಂದೆ. ಮೊದಲನೇ ಕನ್ನಡಿ ಎತ್ತುವಾಗ ಗೊತ್ತಿದ್ದ ದೇವರ ಹೆಸರೆಲ್ಲ ಹೇಳ್ಕೊಂಡೆ.”

“ನಾನಂತೂ ಉಸಿರೇ ಬಿಟ್ಟಿರ್ಲಿಲ್ಲ,” ಎನ್ನುತ್ತಾರೆ ಓರಗಿತ್ತಿ. ಈಗ ವಾರಕ್ಕೆ ಮೂರೋ ನಾಲ್ಕೋ ಕನ್ನಡಿ ಸಲೀಸಾಗಿ ಕೂರುತ್ತವೆ.

ಇಂದಿನದು ಹಾಗಲ್ಲ. ವಾಶ್‌ಬೇಸಿನ್‌ಗಳ ಸಾಲಿನುದ್ದಕ್ಕೂ ಒಂದೇ ಕನ್ನಡಿ. ಇಬ್ಬರಿಂದ ಆಗುವ ಮಾತಲ್ಲ. ಅದಕ್ಕೇ ನಿನ್ನೆ ದೊಡ್ಡಕ್ಕ ಗಂಡನನ್ನೂ ಮೈದುನನನ್ನೂ ಸಹಾಯಕ್ಕೆ ಕರೆದಿದ್ದಾರೆ. ಒಬ್ಬರು ಬರುವ ವಿಷಯ ಇನ್ನೊಬ್ಬರಿಗೆ ಹೇಳಿಲ್ಲ.

ಬಾಗಿಲಲ್ಲಿ ಎದುರುಬದುರಾದ ಅಣ್ಣತಮ್ಮಂದಿರು ಹಾವು ತುಳಿದವರಂತೆ ನಿಲ್ಲುತ್ತಾರೆ. ತಮ್ಮ ಬಂದ ಹಾಗೇ ತಿರುಗುತ್ತಾರೆ.

“ಹೋಗೋರು ಹೋಗಿ. ನಾವೇ ಎತ್ತಿಕೊಳ್ತೀವಿ,” ಎನ್ನುತ್ತಾ ದೊಡ್ಡಕ್ಕ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಗಳನ್ನು ಒತ್ತುತ್ತಾರೆ. ಓರಗಿತ್ತಿಯೂ ಕೈಹಾಕುತ್ತಾರೆ. ಗೇಣೆತ್ತರ ಎದ್ದ ಕನ್ನಡಿ ನಡುವೆ ಬಾಗುತ್ತದೆ.

“ಅಯ್ಯೋ, ತಡೀರಿ!” ಗಂಡಸರಿಬ್ಬರೂ ಓಡಿಬಂದು ಒಂದೊಂದು ತುದಿ ಹಿಡಿಯುತ್ತಾರೆ.

ಅಂಟು ಮೆತ್ತಿದ ಗೋಡೆಯತ್ತ ನಾಲ್ವರೂ ಹೆಜ್ಜೆ ಹೆಜ್ಜೆಯಾಗಿ ಸರಿಯುತ್ತಾರೆ. ಕೆಳಗಿನ ಅಂಚು ಲೋಹದ ಪಟ್ಟಿಯೊಳಗೆ ಇಳಿಯಬೇಕು. ತಮ್ಮನ ಕಡೆ ಒಂದಿಷ್ಟು ತಗ್ಗು. ದೊಡ್ಡಕ್ಕ ನೋಡಿದರೂ ಬೇಕೆಂದೇ ಬಾಯಿ ಬಿಡುವುದಿಲ್ಲ. ಕೊನೆಗೆ ಅಣ್ಣನೇ ಗೋಡೆಗೆ ಹೇಳಿದಂತೆ ಹೇಳುತ್ತಾರೆ:

“ನಿನ್ ಕಡೆ ಸ್ವಲ್ಪ ಎತ್ತೋ.”

“ಎತ್ತಿದೀನಿ. ನೀನ್ ಬಿಡಬೇಡ.”

“ಬಿಡಲ್ಲ ಕಣೋ.”

ಕನ್ನಡಿ ಟಕ್ಕೆಂದು ಕೂರುತ್ತದೆ. ಮಟ್ಟದ ಕೋಲಿಟ್ಟು ನೋಡಿದರೆ ಅದರೊಳಗಿನ ಗಾಳಿಗುಳ್ಳೆ ನಟ್ಟನಡುವೆ.

ಸ್ವಲ್ಪ ಹೊತ್ತಿಗೆ ಹೊರಗೆ ಕನ್ನಡಿ ತಂದ ಗಾಡಿಯ ಬಳಿ ಜೋರು ದನಿ. ಸಾಮಾನು ಕಟ್ಟುವ ಹಗ್ಗಕ್ಕೆ ಗಂಟು ಹಾಕುವುದು ಹೇಗೆಂದು ಅಣ್ಣತಮ್ಮಂದಿರ ವಾದ. ಒಳಗೆ ಓರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಗುತ್ತಾರೆ. ದೊಡ್ಡಕ್ಕ ಗಾಜಿನ ಮೇಲಿನ ಕೈಗುರುತುಗಳನ್ನು ಒರೆಸುತ್ತಿದ್ದಾರೆ.

ಇನ್ನೇನಾದರೂ ಆಸೆ ಇದೆಯೇ ಎಂದರೆ ಅವರು ಯೋಚಿಸುವುದೂ ಇಲ್ಲ.

“ಮುಂದಿನ ಕನ್ನಡಿನೂ ಇಷ್ಟೇ ಉದ್ದ ಇರ್ಲಿ. ನಮ್ಮಿಬ್ಬರ ಕೈಲಿ ಎತ್ತೋಕಾಗ್ಬಾರ್ದು.”