ಖಣದ ಮೂಲೆಗಳು

ಹತ್ತನೇ ತರಗತಿಯ ಗಣಿತದಲ್ಲಿ ನಾನು ಎರಡೇ ಎರಡು ಅಂಕದಿಂದ ಫೇಲಾದೆ. ಅದಕ್ಕೆ ಕಾರಣ ಖಣ.

ಗುಳೇದಗುಡ್ಡದ ನಮ್ಮ ಮನೆಯಲ್ಲಿ ಅಪ್ಪ ನೇಯ್ದ ಕುಪ್ಪಸದ ಖಣಗಳನ್ನು ಅವ್ವ ತ್ರಿಕೋನವಾಗಿ ಮಡಿಚಿ ಅಂಗಡಿಗೆ ಕಳಿಸುತ್ತಿದ್ದಳು. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಚಿದರೆ ಒಂದು ಕೋನ ತೊಂಬತ್ತು, ಉಳಿದೆರಡು ನಲವತ್ತೈದು. ಹುಟ್ಟಿದಾಗಿನಿಂದ ಅದನ್ನೇ ನೋಡಿದ ನನಗೆ ಲೋಕದ ತ್ರಿಕೋನಗಳೆಲ್ಲ ಹಾಗೇ ಇರುತ್ತವೆಂಬ ನಂಬಿಕೆ. ಕೋನಗಳ ಅನುಪಾತ 2:3:4 ಇದ್ದರೆ ಪ್ರತಿ ಕೋನ ಎಷ್ಟು ಎಂದು ಪರೀಕ್ಷೆಯಲ್ಲಿ ಕೇಳಿದ್ದರು. ನಲವತ್ತೈದು, ನಲವತ್ತೈದು, ತೊಂಬತ್ತು ಎಂದು ಬರೆದು, ಕೆಳಗೆ ಜಂಬದಿಂದ ಗೀಟೆಳೆದು ಬಂದೆ.

"ಎಲ್ಲಾ ತ್ರಿಕೋನಾನೂ ಖಣ ಇರೂದಿಲ್ಲವ್ವಾ," ಎಂದರು ಗಣಿತದ ಸರ್, ಫೇಲಾದವರಿಗೆಂದು ನಡೆಸಿದ ಕ್ಲಾಸಿನಲ್ಲಿ ನನ್ನ ಉತ್ತರ ಕೇಳಿ. ಎಲ್ಲರೂ ನಕ್ಕರು. ನಕ್ಕವರೂ ಫೇಲಾದವರೇ, ಆದರೂ ನಕ್ಕರು.

"ಇನ್ನೊಂದು ಸಲ ನೋಡೂಣು. ಆಗಲಿಲ್ಲಂದ್ರ ಮಗ್ಗಕ್ಕ ಕೂಡು," ಎಂದ ಅಪ್ಪ. ಮಗ್ಗದ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಕಾಲೇಜಿಗೆ ಹೋಗುವ ಆಸೆ ದೊಡ್ಡದಿತ್ತು. ಹಟ ಹಿಡಿದು ಓದಲು ಕೂತೆ. ಏನು ಪ್ರಯೋಜನ? ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬಂತೆ ನನ್ನ ಪೆನ್ನು ಮತ್ತೆ ನಲವತ್ತೈದಕ್ಕೇ ಓಡುತ್ತಿತ್ತು.

ಒಂದು ದಿನ ಪುಸ್ತಕ ಎಸೆದು ಅತ್ತುಬಿಟ್ಟೆ. ಅವ್ವ ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು. "ಏನ್ ಲೆಕ್ಕ ಅದು, ನನಗ ಹೇಳು," ಎಂದಳು. ಹೇಳಿದೆ. ಮೂರೂ ಕೋನ ಸೇರಿ ನೂರಾ ಎಂಬತ್ತು ಆಗಬೇಕು ಎಂದೆ. ಅವಳು ಮಗ್ಗದ ಕಡೆ ನೋಡಿದಳು.

"ನೂರಾ ಎಂಬತ್ತು ಎಳಿ ಹಾಸಬೇಕು ಅಂತ ತಿಳಕೋ. ಎರಡು ಕೆಂಪು, ಮೂರು ಹಸರು, ನಾಕು ಕರಿ. ಮತ್ತ ಕೆಂಪಿನಿಂದ ಶುರು. ಒಂದು ಸರ್ತಿಗೆ ಎಷ್ಟ್ ಎಳಿ?"

"ಒಂಬತ್ತು."

"ಎಷ್ಟ್ ಸರ್ತಿ?"

"ಇಪ್ಪತ್ತು."

"ಹಂಗಾರ ಕೆಂಪು ಎಷ್ಟಾತು?"

ನಲವತ್ತು. ಹಸಿರು ಅರವತ್ತು, ಕಪ್ಪು ಎಂಬತ್ತು. ಅಷ್ಟೇನಾ ಎನಿಸಿ ನನಗೆ ನಗು ಬಂತು.

ಎರಡನೇ ಸಲದ ಪರೀಕ್ಷೆ ಬಾಗಲಕೋಟೆಯ ನವನಗರದಲ್ಲಿ. ಪ್ರಶ್ನೆ ಬಂತು, ಅನುಪಾತ 1:1:2. ಎಳೆ ಎಣಿಸಿದೆ. ಒಂದು ಸರ್ತಿಗೆ ನಾಲ್ಕು, ನಲವತ್ತೈದು ಸರ್ತಿ. ಉತ್ತರ ನಲವತ್ತೈದು, ನಲವತ್ತೈದು, ತೊಂಬತ್ತು! ಹಳೇ ಚಾಳಿ ಮತ್ತೆ ಬಂತೆಂದು ಗಾಬರಿಯಾಗಿ ಹೊಡೆದುಹಾಕಿದೆ. ಆಮೇಲೆ ಬೆರಳು ಮಡಿಚಿ ಮೊದಲಿನಿಂದ ಎಣಿಸಿದೆ. ಅದೇ ಬಂತು. ಈ ಸಲ ಅದು ಅಭ್ಯಾಸದಿಂದ ಬಂದದ್ದಲ್ಲ, ಲೆಕ್ಕದಿಂದ ಬಂದದ್ದು. ಮತ್ತೆ ಬರೆದೆ.

ಫಲಿತಾಂಶ ಬಂದ ದಿನ ಅವ್ವ ಖಣ ಮಡಿಚುತ್ತ ಕೂತಿದ್ದಳು. ಪಾಸಾದೆ ಎಂದೆ. ನೀನು ಹೇಳಿಕೊಟ್ಟಂತೆಯೇ ಎಳೆ ಎಣಿಸಿದೆ, ಉತ್ತರವಾಗಿ ನಿನ್ನ ಖಣವೇ ಬಂತು ಎಂದೂ ಹೇಳಿದೆ.

ಅವಳ ಕೈ ನಿಂತಿತು. ತೊಡೆಯ ಮೇಲಿದ್ದ ತ್ರಿಕೋನವನ್ನು ಹೊಸದಾಗಿ ಕಂಡವಳಂತೆ ನೋಡಿದಳು.

"ಹಂಗಾರ ನನಗೂ ಗಣಿತ ಬರ್ತೈತಿ ಅನ್ನು," ಎಂದಳು.

"ನಿನ್ನ ಕಡಿಂದನ ನನಗ ಬಂದದ್ದು, ಬೇ ಯವ್ವಾ," ಎಂದೆ.